ಸೀಟು ಸಿಕ್ಕ ಮೇಲೆ ಮೈಲ್ಸ್ ಕೊಳ್ಳಿ: ಮುಂಬೈ, ಪುಣೆಗೆ ಹೊಸದಾಗಿ ಬಂದವರಿಗೆ

ಮುಂಬೈಗೋ ಪುಣೆಗೋ ಕೆಲಸಕ್ಕೆ ಬಂದ ನಮ್ಮವರ ಮನೆಗಳಲ್ಲಿ ಅಮ್ಮನನ್ನು ವಿದೇಶಕ್ಕೆ ಆರಾಮಾಗಿ ಕಳಿಸುವುದು ಹೇಗೆ ಅನ್ನುವ ಪ್ರಶ್ನೆ ಒಂದಲ್ಲ ಒಂದು ದಿನ ಏಳುತ್ತದೆ. ಅಕ್ಕನೋ ತಂಗಿಯೋ ಜರ್ಮನಿಯಲ್ಲೋ ಅಮೆರಿಕದಲ್ಲೋ ಇರುತ್ತಾಳೆ. ಬಾಣಂತನಕ್ಕೆ ಅಮ್ಮ ಹೋಗಬೇಕು. ಅಮ್ಮನಿಗೆ ಮಂಡಿನೋವು, ಕಾಲು ಮಡಿಸಿಕೊಂಡು ಅಷ್ಟು ಹೊತ್ತು ಕೂರಲಾರರು. ಬಿಸಿನೆಸ್ ಕ್ಲಾಸ್ ದರ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ದುಡ್ಡು ಕೊಟ್ಟು ಮೈಲ್ಸ್ (ಟಿಕೆಟ್‌ಗೆ ದುಡ್ಡಿನ ಬದಲು ಕೊಡಬಹುದಾದ ಏರ್‌ಲೈನ್ ಪಾಯಿಂಟ್) ಕೊಂಡು ಟಿಕೆಟ್ ಮಾಡಿಸುವುದು ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಪ್ರಯಾಣಕ್ಕೇ. ಮಂಗಳೂರಿಗೆ ಹಬ್ಬಕ್ಕೆ ಹೋಗಲು ಇಷ್ಟೆಲ್ಲ ಬೇಡ, ಮತ್ಸ್ಯಗಂಧ ರೈಲು ಇದೆ.

ವಿಮಾನದಲ್ಲಿ ಓಡಾಡಿದವರಿಗೆ ಮಾತ್ರ ಮೈಲ್ಸ್ ಸಿಗುತ್ತದೆ ಅಂತ ಸುಮಾರು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಏರ್‌ಲೈನ್‌ಗಳೇ ತಮ್ಮ ಸೈಟಿನಲ್ಲಿ ಅದನ್ನು ಮಾರುತ್ತವೆ. ಕೊಲಂಬಿಯಾದ ಏವಿಯಾಂಕಾದ ಲೈಫ್‌ಮೈಲ್ಸ್, ಏರ್ ಕೆನಡಾದ ಏರೋಪ್ಲಾನ್, ಏರ್ ಫ್ರಾನ್ಸ್ ಮತ್ತು ಕೆಎಲ್‌ಎಂನ ಫ್ಲೈಯಿಂಗ್ ಬ್ಲೂ, ಈ ಮೈಲ್ಸ್ ಪ್ರೋಗ್ರಾಮುಗಳೆಲ್ಲ ಮಾರುವವರೇ. ಆಗಾಗ ಬೋನಸ್ ಸೇಲ್, ಅಂದರೆ ಕೊಂಡಷ್ಟರ ಮೇಲೆ ಇನ್ನಷ್ಟು ಮೈಲ್ಸ್ ಕೊಡುವ ಆಫರ್, ಬರುತ್ತದೆ. ಅದಿಲ್ಲದ ದಿನ ಕೊಳ್ಳಬೇಡಿ, ದರ ತೀರಾ ಜಾಸ್ತಿ.

ಕೊಲಂಬಿಯಾದ ಮೈಲ್ಸ್ ನಮಗೇಕೆ ಅಂತೀರಾ? ಏವಿಯಾಂಕಾ, ಏರ್ ಕೆನಡಾ, ಲುಫ್ತಾನ್ಸಾ, ಸ್ವಿಸ್ ಎಲ್ಲ ಸ್ಟಾರ್ ಅಲಯನ್ಸ್ ಅನ್ನುವ ಒಂದೇ ಕೂಟದಲ್ಲಿವೆ. ಏರ್ ಇಂಡಿಯಾ ಕೂಡ 2014ರಲ್ಲಿ ಅದಕ್ಕೆ ಸೇರಿತು. ಹಾಗಾಗಿ ಒಬ್ಬರ ಮೈಲ್ಸ್‌ನಲ್ಲಿ ಇನ್ನೊಬ್ಬರ ವಿಮಾನ ಹತ್ತಬಹುದು. ಮುಂಬೈನಿಂದ ಫ್ರಾಂಕ್‌ಫರ್ಟ್‌ಗೆ, ಜೂರಿಕ್‌ಗೆ ಹೋಗುವ ಸೀಟುಗಳು ಹೀಗೇ ಸಿಗುವುದು.

ಈಗ ಲೆಕ್ಕಕ್ಕೆ ಬರೋಣ. ಇದನ್ನು ರೂಪಾಯಿಯಲ್ಲೇ ಮಾಡಿ, ಡಾಲರ್‌ನಲ್ಲಿ ನೋಡಿದರೆ ಎಲ್ಲವೂ ಅಗ್ಗವಾಗಿ ಕಾಣುತ್ತದೆ. ಒಂದು ಸೀಟಿಗೆ 70,000 ಮೈಲ್ಸ್ ಬೇಕು, ಸೇಲ್‌ನಲ್ಲಿ ಮೈಲಿಗೆ ಒಂದೂವರೆ ಸೆಂಟ್ ಅಂತ ಇಟ್ಟುಕೊಳ್ಳಿ. ಒಟ್ಟು 1,050 ಡಾಲರ್. ಡಾಲರ್‌ಗೆ 90 ರೂಪಾಯಿ ಹಿಡಿದರೆ 94,500. ಕಾರ್ಡಿನವರು ಶೇ 3.5 ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದಲ್ಲಿ ಕೊಂಡದ್ದಕ್ಕೆ ಹಿಡಿಯುವ ಶುಲ್ಕ) ಹಾಕಿದರೆ, ಅದರ ಮೇಲೆ ಜಿಎಸ್‌ಟಿ ಶೇ 18 ಸೇರಿ, ಸುಮಾರು 3,900 ಹೆಚ್ಚು. ಟಿಕೆಟ್‌ನ ತೆರಿಗೆಯನ್ನು ದುಡ್ಡಿನಲ್ಲೇ ಕಟ್ಟಬೇಕು, ಅದಕ್ಕೆ 10,000 ಇಡಿ. ಎಲ್ಲ ಸೇರಿ 1,08,000ದ ಆಸುಪಾಸು. ಅದೇ ಸೀಟು ದುಡ್ಡಿಗೆ ಎರಡು ಲಕ್ಷ ಇದ್ದರೆ ಧಾರಾಳವಾಗಿ ಕೊಳ್ಳಿ. ಆಫರ್‌ನಲ್ಲಿ 1,20,000ಕ್ಕೆ ಸಿಗುತ್ತಿದ್ದರೆ ಸುಮ್ನೆ ಟಿಕೆಟ್ಟೇ ತೆಗೆದುಕೊಳ್ಳಿ, ತೊಂದರೆಯಾದರೆ ಒಂದೇ ಕಡೆ ಮಾತಾಡಿದರೆ ಸಾಕು. ಇಕಾನಮಿಗೆ ಈ ಲೆಕ್ಕ ಕೂಡಿ ಬರುವುದು ಅಪರೂಪ. ಕಡಿಮೆ ಮಾರ್ಕಪ್‌ನ ಕಾರ್ಡ್ ಮನೆಯಲ್ಲಿ ಯಾರ ಹತ್ತಿರವಾದರೂ ಇದೆಯಾ ಕೇಳಿ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಇದು: ಮೊದಲು ಮೈಲ್ಸ್‌ಗೆ ಸಿಗುವ ಸೀಟು ಹುಡುಕಿ, ಆಮೇಲೆ ಮೈಲ್ಸ್ ಕೊಳ್ಳಿ. ಕೊಂಡ ಮೈಲ್ಸ್ ವಾಪಸ್ ಕೊಡಲು ಸಾಮಾನ್ಯವಾಗಿ ಬರುವುದಿಲ್ಲ. ಇಂದು 70,000 ಬೇಕಾದ ಸೀಟಿಗೆ ನಾಳೆ ಹೇಳದೆ ಕೇಳದೆ 90,000 ಕೇಳಬಹುದು. ಮುಂದೆ ಬೇಕಾಗಬಹುದು ಅಂತ ಕೂಡಿಡುವುದು ಖಂಡಿತ ಬೇಡ. ಏರೋಪ್ಲಾನ್ ಅಥವಾ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ ಸೈಟಿನಲ್ಲಿ ಇಂಥ ಸ್ಟಾರ್ ಅಲಯನ್ಸ್ ಸೀಟುಗಳನ್ನು ಪುಕ್ಕಟೆ ಹುಡುಕಬಹುದು. ಅಲ್ಲಿ ಕಂಡ ಸೀಟು ನೀವು ಕೊಳ್ಳುವ ಪ್ರೋಗ್ರಾಮಿನ ಸೈಟಿನಲ್ಲೂ ಕಾಣಬೇಕು, ಇಲ್ಲದಿದ್ದರೆ ದುಡ್ಡು ಕಟ್ಟಬೇಡಿ. ಅಕೌಂಟ್ ಮಾತ್ರ ಇವತ್ತೇ ಮಾಡಿಡಿ. ಹೊಸ ಅಕೌಂಟಿಗೆ ಕೆಲವರು ತಕ್ಷಣ ಮಾರುವುದಿಲ್ಲ.

ತೆರಿಗೆಯ ಸಾಲನ್ನೂ ಓದಿ. ಕೆಲವು ಏರ್‌ಲೈನ್‌ಗಳು ತಮ್ಮ ಮೈಲ್ಸ್ ಟಿಕೆಟ್‌ಗೂ ಇಂಧನದ ಸರ್‌ಚಾರ್ಜ್ ಅಂತ ದೊಡ್ಡ ಮೊತ್ತ ಸೇರಿಸುತ್ತವೆ. ಲೈಫ್‌ಮೈಲ್ಸ್, ಏರೋಪ್ಲಾನ್‌ನಲ್ಲಿ ಸಾಮಾನ್ಯವಾಗಿ ಆ ಹೊರೆ ಕಡಿಮೆ. ನಾನು ಮೊದಲು ಇವೆರಡನ್ನೇ ನೋಡಲು ಹೇಳುವುದು ಅದಕ್ಕೇ.

ನಿಮ್ಮ ಬ್ಯಾಂಕ್ ಕಾರ್ಡಿನ ಪಾಯಿಂಟ್ ಏರ್‌ಲೈನ್‌ಗೆ ಹೋಗುತ್ತದೆಯಾ ನೋಡಿ. ಎಚ್‌ಡಿಎಫ್‌ಸಿ, ಆಕ್ಸಿಸ್‌ನ ಕೆಲವು ಕಾರ್ಡ್‌ಗಳಲ್ಲಿ ಹೋಗುತ್ತದೆ. ಇರುವ ಪಾಯಿಂಟನ್ನು ಅಲ್ಲಿಗೆ ಕಳಿಸಿ, ಕಡಿಮೆ ಬಿದ್ದಷ್ಟನ್ನು ಮಾತ್ರ ಕೊಳ್ಳುವುದಕ್ಕಿಂತ ಲಾಭದ ದಾರಿ ಇಲ್ಲ.

ಹೆಸರಿನ ವಿಷಯದಲ್ಲಿ ನಮ್ಮವರಿಗೆ ತೊಡಕು ಜಾಸ್ತಿ. ಇನಿಷಿಯಲ್ ಇರುತ್ತದೆ, ಅಡ್ಡಹೆಸರು ಇರುವುದಿಲ್ಲ. ಅಮ್ಮನ ಪಾಸ್‌ಪೋರ್ಟ್ ಮುಂದಿಟ್ಟುಕೊಂಡು, ಅದರಲ್ಲಿ ಇದ್ದ ಹಾಗೇ ಟಿಕೆಟ್‌ಗೆ ಹೆಸರು ತುಂಬಿ. ಸರ್‌ನೇಮ್ ಜಾಗ ಪಾಸ್‌ಪೋರ್ಟ್‌ನಲ್ಲಿ ಖಾಲಿ ಇದ್ದರೆ, ಏನು ಬರೆಯಬೇಕೆಂದು ಏರ್‌ಲೈನ್‌ಗೆ ಫೋನ್ ಮಾಡಿ ಕೇಳಿಯೇ ಬುಕ್ ಮಾಡಿ. ಅಂದಹಾಗೆ ಅಮ್ಮನ ಹೆಸರಿನಲ್ಲಿ ಅಕೌಂಟ್ ಬೇಕಿಲ್ಲ, ನಿಮ್ಮ ಮೈಲ್ಸ್‌ನಿಂದಲೇ ಅವರಿಗೆ ಟಿಕೆಟ್ ಮಾಡಬಹುದು.

ವಾಟ್ಸಾಪ್‌ನಲ್ಲಿ ಅರ್ಧ ಬೆಲೆಗೆ ಬಿಸಿನೆಸ್ ಕ್ಲಾಸ್ ಕೊಡಿಸುತ್ತೇವೆ ಅನ್ನುವವರಿಂದ ದಯವಿಟ್ಟು ದೂರ ಇರಿ. ಬೇರೆಯವರ ಅಕೌಂಟಿನ ಮೈಲ್ಸ್ ಮಾರುವುದು ನಿಯಮಕ್ಕೆ ವಿರುದ್ಧ. ಏರ್‌ಲೈನ್‌ಗೆ ಗೊತ್ತಾದರೆ ಟಿಕೆಟ್ ರದ್ದು. ವಯಸ್ಸಾದವರು ಪರದೇಶದ ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದು ಬೇಡ.

ಯುರೋಪಿನ ಎಷ್ಟೋ ವಿಮಾನಗಳು ಮುಂಬೈ ಬಿಡುವುದು ನಡುರಾತ್ರಿ ಕಳೆದ ಮೇಲೆ. ಟಿಕೆಟ್‌ನಲ್ಲಿ 14ರ ಬೆಳಗಿನ 2 ಗಂಟೆ ಅಂತಿದ್ದರೆ ಮನೆಯಿಂದ ಹೊರಡುವುದು 13ರ ರಾತ್ರಿ. ಪುಣೆಯವರು ಎಕ್ಸ್‌ಪ್ರೆಸ್‌ವೇಯ ಟ್ರಾಫಿಕ್‌ಗೂ ಸಮಯ ಇಟ್ಟುಕೊಳ್ಳಿ. ಊರಿಂದ ಬರುವ ಅಪ್ಪ ಅಮ್ಮ ಹಿಂದಿನ ದಿನವೇ ನಿಮ್ಮ ಮನೆ ಸೇರಿಕೊಳ್ಳಲಿ. ಊರಿನ ವಿಮಾನದ ಟಿಕೆಟ್ ಬೇರೆಯಾಗಿದ್ದು, ಅದು ತಡವಾದರೆ ದೊಡ್ಡ ವಿಮಾನ ಕಾಯುವುದಿಲ್ಲ.

ವಾಪಸ್ ಬರುವ ದಿನ ಬಾಣಂತನದಲ್ಲಿ ಯಾರಿಗೂ ಮೊದಲೇ ಗೊತ್ತಿರುವುದಿಲ್ಲ. ಮೈಲ್ಸ್‌ನಲ್ಲಿ ಹೋಗುವ, ಬರುವ ಟಿಕೆಟ್ ಬೇರೆ ಬೇರೆ ತೆಗೆಯಬಹುದು. ಆ ದೇಶದವರು ಮರಳುವ ಟಿಕೆಟ್ ಕೇಳುತ್ತಾರೆ ಎಂದಾದರೆ ಅದನ್ನೂ ಈಗಲೇ ತೆಗೆಯಿರಿ. ಆದರೆ ರದ್ದು ಮಾಡಿದರೆ ಮೈಲ್ಸ್ ಅಕೌಂಟಿಗೆ ಮರಳುತ್ತದೆಯಾ, ಎಷ್ಟು ಶುಲ್ಕ ಹಿಡಿಯುತ್ತಾರೆ ಅನ್ನುವುದನ್ನು ದುಡ್ಡು ಕಟ್ಟುವ ಮೊದಲೇ ಓದಿ.