ಕೆಂಪು ನೀರಿನ ಬಾಟಲಿ, ಗೋಡೆಯ ಕಿಂಡಿ

ಡಾಕ್ಟರು ದಿನಾ ವಾಕಿಂಗ್ ಮಾಡಿ ಅಂದಾಗ ಎಲ್ಲರ ಹಾಗೆ ನಾನೂ ಪಾರ್ಕಿಗೆ ಹೋದೆ. ಅದೇ ದಾರಿಯನ್ನು ಹತ್ತು ಸಲ ಸುತ್ತಿ ನಾಲ್ಕೇ ದಿನಕ್ಕೆ ಬೇಜಾರಾಯಿತು. ಐದನೇ ದಿನ ಪಾರ್ಕ್ ಬಿಟ್ಟು ಮಲ್ಲೇಶ್ವರಂ ಕ್ರಾಸ್‌ಗಳ ಒಳಗೆ ನಡೆದೆ. ಅದಾಗಿ ಎರಡು ವರ್ಷ ಆಯಿತು. ಈಗ ಬೆಳಗ್ಗೆ ಆರೂವರೆಗೆ ಚಪ್ಪಲಿ ಮೆಟ್ಟದಿದ್ದರೆ ಸಮಾಧಾನವೇ ಇಲ್ಲ.

ನಾನು ಮಾಡುವುದು ಇಷ್ಟೇ. ಒಂದು ವಾರ ಪೂರ್ತಿ ಒಂದೇ ಬೀದಿ. ಹೋಗುವಾಗ ಒಂದು ಕಡೆಯ ಮನೆಗಳನ್ನು ನೋಡುತ್ತೇನೆ, ಬರುವಾಗ ಇನ್ನೊಂದು ಕಡೆ. ಮೊದಲ ದಿನ ಗೇಟು, ಕಾರು, ಕಸದ ಬಕೆಟ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಮೂರನೇ ದಿನದ ಹೊತ್ತಿಗೆ ಕಣ್ಣು ಪಳಗುತ್ತದೆ, ಆಮೇಲೆ ತಲೆಬಾಗಿಲ ಮೇಲಿನ ಕುಂಬಳಕಾಯಿ, ಕಾಂಪೌಂಡ್ ಬುಡದ ಹಳೇ ಕಲ್ಲು, ಕಿಟಕಿಯ ಗ್ರಿಲ್‌ನಲ್ಲಿ ಮಾಡಿಸಿದ ವೀಣೆ, ಒಂದೊಂದೇ ತಾವಾಗಿ ಎದುರಿಗೆ ಬರುತ್ತವೆ. ಜೇಬಿನಲ್ಲಿ ಸಣ್ಣ ಡೈರಿ ಇಟ್ಟುಕೊಂಡಿದ್ದೇನೆ. ದಿನಕ್ಕೆ ಒಂದೇ ವಿಷಯ ಬರೆಯುತ್ತೇನೆ, ಜಾಸ್ತಿ ಬೇಡ.

ಮೊದಲು ಬರೆದದ್ದು ಬಾಟಲಿಗಳ ಬಗ್ಗೆ. ನಮ್ಮ ಕಡೆ ಗೇಟಿನ ಮುಂದೆ ಬಣ್ಣದ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಡುತ್ತಾರೆ, ನೀವೂ ನೋಡಿರುತ್ತೀರಿ ಅಲ್ವಾ? ಅದನ್ನು ಕಂಡರೆ ಬೀದಿನಾಯಿ ಹತ್ತಿರ ಬಂದು ಗಲೀಜು ಮಾಡುವುದಿಲ್ಲ ಅಂತ ನಂಬಿಕೆ. ಕೆಲವರು ಕುಂಕುಮ ಕದಡುತ್ತಾರೆ, ಕೆಲವರು ಬಟ್ಟೆಗೆ ಹಾಕುವ ನೀಲಿ. ಒಂದೇ ಬೀದಿಯಲ್ಲಿ ಹನ್ನೊಂದು ಮನೆ ಎಣಿಸಿದೆ. ಏಳು ಕೆಂಪು, ನಾಲ್ಕು ನೀಲಿ. ಏಳನೇ ಕೆಂಪು ಬಾಟಲಿಗೆ ಬೆನ್ನು ಒರಗಿಸಿಕೊಂಡು ಒಂದು ಕಂದು ನಾಯಿ ಹಾಯಾಗಿ ಮಲಗಿತ್ತು.

ನನಗೆ ನಗು ತಡೆಯಲಾಗಲಿಲ್ಲ. ರಂಗೋಲಿ ಹಾಕುತ್ತಿದ್ದ ಅಜ್ಜಿಯೂ ನಕ್ಕರು. "ಅದು ನಮ್ಮ ನಾಯಿ ಅಲ್ಲ ಕಣಪ್ಪಾ, ಆದರೂ ದಿನಾ ಇಲ್ಲೇ ಮಲಗುತ್ತೆ" ಅಂದರು. ನಾಯಿಗಳಿಗೆ ನೀಲಿ, ಹಳದಿ ಚೆನ್ನಾಗಿ ಕಾಣುತ್ತದೆ, ಕೆಂಪು ಮಾತ್ರ ನಮಗೆ ಕಾಣುವ ಹಾಗೆ ಕಾಣುವುದಿಲ್ಲ, ಮಂಕಾಗಿ ಕಂದು ಬಣ್ಣದ ಹಾಗೆ ಕಾಣುತ್ತದೆ ಅಂತ ನಾನು ಓದಿದ್ದನ್ನು ಹೇಳಿದೆ. ಅವರು ಗಮನ ಕೊಟ್ಟು ಕೇಳಿದರು. ಮುಂದಿನ ವಾರ ಹೋದರೆ ಬಾಟಲಿಯಲ್ಲಿ ನೀಲಿ ನೀರು! ನಾಯಿ ಅದಕ್ಕೂ ಒರಗಿಕೊಂಡೇ ಮಲಗಿತ್ತು. "ಹೋಗಲಿ ಬಿಡು, ಇಟ್ಟಿದ್ದೀವಿ, ಇರಲಿ" ಅಂದರು ಅಜ್ಜಿ. ಆವತ್ತಿಂದ ನಾವಿಬ್ಬರೂ ಪರಿಚಯದವರು.

ಕೇಳಬೇಕು ಅನ್ನುವುದನ್ನು ನಾನು ಕಲಿತದ್ದು ಹೀಗೆ. ಸುಮ್ನೆ ನೋಡಿಕೊಂಡು ಹೋದರೆ ಅರ್ಧ ವಿಷಯ ಮಾತ್ರ ಸಿಗುತ್ತದೆ. ಒಂದು ಮನೆಯ ಹೆಸರು 'ಕೊನೆಗೂ'. ಗೇಟಿನ ಪಕ್ಕ ಕರಿಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಯಜಮಾನರನ್ನು ಕೇಳಿದಾಗ ಪಾಯ ಹಾಕಿ ಹದಿನಾಲ್ಕು ವರ್ಷಕ್ಕೆ ಗೃಹಪ್ರವೇಶ ಆಯಿತು ಅಂದರು. ಇನ್ನೊಂದು ಕಡೆ, "ಗೇಟ್ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು" ಅನ್ನುವ ಬೋರ್ಡಿನ ಕೆಳಗೆ ಯಾರೋ ಸೀಮೆಸುಣ್ಣದಲ್ಲಿ "ತುಂಬಿಸಿ ಕೊಡ್ತೀರಾ?" ಅಂತ ಬರೆದಿದ್ದರು. ಮಾರನೇ ದಿನ ಅಳಿಸಿಹೋಗಿತ್ತು. ಆವತ್ತೇ ಬರೆದುಕೊಂಡದ್ದು ಒಳ್ಳೆಯದಾಯಿತು.

ಫೋಟೋ ಮಾತ್ರ ಕೇಳದೆ ತೆಗೆಯಬೇಡಿ. ಒಮ್ಮೆ ಒಂದು ಹಳೇ ಬಾಗಿಲಿನ ಫೋಟೋ ತೆಗೆಯುವಾಗ ಒಳಗಿಂದ ಹುಡುಗಿಯೊಬ್ಬಳು ಗಾಬರಿಯಿಂದ ಓಡಿಬಂದಳು. ತಪ್ಪು ನನ್ನದೇ. ಕ್ಷಮೆ ಕೇಳಿ ಅಲ್ಲೇ ಡಿಲೀಟ್ ಮಾಡಿದೆ.

ಕೆಳಗೆ ನೋಡಬೇಕು ಅಂತ ಹೇಳುವಾಗ ನನಗೆ ಯಾವಾಗಲೂ ಕಾಡು ಮಲ್ಲೇಶ್ವರ ದೇವಸ್ಥಾನದ ಎದುರಿಗಿರುವ ನಂದಿ ತೀರ್ಥ ನೆನಪಾಗುತ್ತದೆ. ನಂದಿಯ ಬಾಯಿಂದ ಲಿಂಗದ ಮೇಲೆ ನೀರು ಬೀಳುವ ಅಷ್ಟು ಚಂದದ ಜಾಗ ಮಣ್ಣಿನಡಿ ಹೂತುಹೋಗಿತ್ತು, ಹೊರಗೆ ಬಂದದ್ದು 1997ರಲ್ಲಿ. ಅದರ ಮೇಲೆ ಎಷ್ಟು ಜನ ವಾಕಿಂಗ್ ಮಾಡಿರಬೇಕು!

ನಾನು ಅತಿ ಹೆಚ್ಚು ಸಲ ಹೋಗಿರುವುದು ಮಾತ್ರ ಮನೆಗಳ ಹಿಂದಿನ ಕನ್ಸರ್ವೆನ್ಸಿ ಲೇನ್‌ಗಳಿಗೆ. ಎರಡು ಸಾಲು ಮನೆಗಳ ಬೆನ್ನುಗಳ ನಡುವೆ ಒಂದು ಗಾಡಿ ಹಿಡಿಸುವಷ್ಟು ಗಲ್ಲಿ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟಿನಿಂದ ಜನ ಹೊರಗೆ ಬಂದ ಕಾಲದಲ್ಲಿ ಮಲ್ಲೇಶ್ವರಂ, ಬಸವನಗುಡಿ ಬೆಳೆದವು. ಅಗಲವಾದ ರಸ್ತೆ ಮುಂದೆ, ಈ ಗಲ್ಲಿ ಹಿಂದೆ. ಅಲ್ಲಿ ಒಂದು ಗೋಡೆಯ ಬುಡದಲ್ಲಿ ಮೊಣಕಾಲೆತ್ತರದ ಚೌಕ ಕಂಡೆ. ಸುತ್ತ ಕಲ್ಲಿನ ಚೌಕಟ್ಟು, ಒಳಗೆ ಇಟ್ಟಿಗೆ ತುಂಬಿ ಗಾರೆ ಮೆತ್ತಿದ್ದಾರೆ, ಒಂದು ಬದಿಯಲ್ಲಿ ತುಕ್ಕು ಹಿಡಿದ ಕೀಲು ಇನ್ನೂ ಹಾಗೇ ಇದೆ. ಬೆಕ್ಕಿಗೆ ಮಾಡಿದ ಬಾಗಿಲು ಅಂದುಕೊಂಡು ಡೈರಿಯಲ್ಲಿ ಹಾಗೇ ಬರೆದೆ.

ಎರಡು ದಿನ ಬಿಟ್ಟು ಆ ಮನೆಯ ಅಮ್ಮ ಹಿತ್ತಲಲ್ಲಿ ಸಿಕ್ಕರು. ಎಂಬತ್ತು ದಾಟಿದವರು. ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಅದು ಪಾಯಿಖಾನೆಯ ಕಿಂಡಿ. ಬೆಳಗಿನ ಜಾವ ಹಿಂದಿನ ಗಲ್ಲಿಯಿಂದ ಒಬ್ಬ ಹೆಂಗಸು ಬಂದು ಆ ಕಿಂಡಿಯಿಂದ ಬಕೆಟ್ ಎಳೆದುಕೊಳ್ಳುತ್ತಿದ್ದಳು. "ಅವಳ ಕೈ ನೋಡಿದ್ದೀನಿ, ಮುಖ ಸರಿಯಾಗಿ ನೋಡಿಲ್ಲ" ಅಂದರು. ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧ ಮಾಡಿದ್ದು ಎಪ್ಪತ್ತರ ದಶಕದಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು. ಅಮ್ಮನಿಗೆ ಆ ಹೆಸರು ಚೆನ್ನಾಗಿ ನೆನಪಿತ್ತು.

ಮನೆಗೆ ಬಂದು ಬೆಕ್ಕಿನ ಬಾಗಿಲು ಅನ್ನುವುದನ್ನು ಹೊಡೆದುಹಾಕಿ ಅವರು ಹೇಳಿದ್ದನ್ನು ಪೂರ್ತಿ ಬರೆದೆ. ಆವತ್ತು ಮಾತ್ರ ನಾಲ್ಕು ಪುಟ ಆಯಿತು. ಈಗ ಆ ಕಿಂಡಿಯ ಮುಂದೆ ಅವರು ಬಕೆಟ್ಟಿನಲ್ಲಿ ದೊಡ್ಡಪತ್ರೆ ಬೆಳೆಸಿದ್ದಾರೆ. ನಾನು ಆ ಗಲ್ಲಿಗೆ ಹೋದಾಗಲೆಲ್ಲ ನಾಲ್ಕು ಎಲೆ ಕಿತ್ತು ಕೈಗೆ ಕೊಡುತ್ತಾರೆ, ತಂಬುಳಿ ಮಾಡಿಕೊಳ್ಳಿ ಅಂತ.