ಮಂಗಳೂರಿನ ಸೆಕೆಯಲ್ಲಿ ಸಿಗಾರ್ ಕಾಪಾಡುವುದು: ನನ್ನ ಅನುಭವ

ಸಿಗಾರ್ ಇಡುವ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿಗಾಲದಲ್ಲಿ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗುವ ದೇಶಗಳಿಂದ ಬಂದವು. ಅಲ್ಲಿಯವರಿಗೆ ಸಿಗಾರ್ ಒಣಗೀತೆಂಬ ಭಯ. ಮಂಗಳೂರಿನಲ್ಲಿ ಜೂನ್‌ ಬಂತೆಂದರೆ ಬೆಲ್ಟು, ಚಪ್ಪಲಿಗೂ ಬೂಸ್ಟು. ದುಬೈಯಿಂದ ಭಾವ ತಂದುಕೊಡುವ ಸಿಗಾರ್‌ಗಳನ್ನು ಈ ಹವೆಯಲ್ಲೇ ವರ್ಷಗಟ್ಟಲೆ ಇಟ್ಟುಕೊಂಡು ಬಂದಿದ್ದೇನೆ.

ಎಲ್ಲರೂ ಹೇಳುವುದು ‘70/70’. ಶೇ 70 ತೇವಾಂಶ, 70 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 21 ಡಿಗ್ರಿ ಸೆಲ್ಸಿಯಸ್. ಎಸಿ ಇಲ್ಲದ ನಮ್ಮ ಕೋಣೆಯಲ್ಲಿ 21 ಎಲ್ಲಿಂದ ಬರಬೇಕು! ಶೇ 70ರಲ್ಲಿಟ್ಟ ಸಿಗಾರ್ ನನಗಂತೂ ಸರಿಯಾಗಿ ಉರಿಯುವುದಿಲ್ಲ, ಪದೇ ಪದೇ ಹೊತ್ತಿಸಬೇಕು. ಶೇ 65 ನನಗೆ ಹಿಡಿಸಿದೆ. ಇದು ಅವರವರ ರುಚಿ, ನಿಯಮವಲ್ಲ.

ಆದರೆ ಅಂಕಿ ಯಾವುದೇ ಇರಲಿ, ತೇವಾಂಶ ಮಾಪಕ ಸುಳ್ಳು ಹೇಳಿದರೆ ಎಲ್ಲವೂ ವ್ಯರ್ಥ. ಅದನ್ನು ಪರೀಕ್ಷಿಸಲು ಹೇಳುವ ಉಪ್ಪಿನ ಪರೀಕ್ಷೆ ಮಾತ್ರ ನಂಬಬಹುದಾದದ್ದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹಾಗೆ ಆಗುವಷ್ಟು ಮಾತ್ರ ನೀರು ಹನಿಸಿ, ಮಾಪಕದ ಜೊತೆ ಜಿಪ್ ಕವರ್‌ನಲ್ಲಿ ಒಂದು ದಿನ ಮುಚ್ಚಿಡುತ್ತೇನೆ. ಒದ್ದೆ ಉಪ್ಪು ಒಳಗಿನ ಗಾಳಿಯನ್ನು ಶೇ 75ಕ್ಕೆ ತಂದು ನಿಲ್ಲಿಸುತ್ತದೆ. ಮಾಪಕ 70 ತೋರಿಸಿದರೆ, ಮುಂದೆ ಅದು ಹೇಳಿದ್ದಕ್ಕೆಲ್ಲ 5 ಕೂಡಿಸಿಕೊಂಡರಾಯಿತು. ಮುಳ್ಳಿನ ಮಾಪಕಗಳನ್ನಂತೂ ನಾನು ನಂಬುವುದೇ ಇಲ್ಲ.

ಚೆಂದದ ಮರದ ಪೆಟ್ಟಿಗೆಯೇ ಬೇಕೆನ್ನುವುದು ಶೋಕಿಯ ಮಾತು. ಮುಚ್ಚಳದ ಸಂದಿಯಲ್ಲಿ ಮಳೆಗಾಲ ಒಳಗೆ ಬರುತ್ತದೆ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ತೇವಾಂಶವನ್ನು ಶೇ 65ರಲ್ಲಿ ಕಾಯುವ ಬೋವೆಡಾ ಪ್ಯಾಕೆಟ್, ಇಷ್ಟು ಸಾಕು. ತೇವ ಹೆಚ್ಚಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ತೇವಕ್ಕೆಂದು ಇಡುವ ಸ್ಪಂಜು, ಅದಕ್ಕೆ ಹಾಕುವ ಡಿಸ್ಟಿಲ್ಡ್ ವಾಟರ್‌ನ ಗೋಜಿಲ್ಲ. ಸಿಗಾರ್ ಮೇಲಿನ ಸೆಲ್ಲೋಫೇನ್ ತೆಗೆಯಲೇಬೇಕೆನ್ನುವುದೂ ಸುಳ್ಳು, ಅದರ ಮೂಲಕ ತೇವ ಆಡುತ್ತದೆ.

ಎಲೆಯ ಮೇಲೆ ಬಿಳಿ ಕಂಡರೆ ‘ಎಣ್ಣೆ ಹರಳುಗಟ್ಟಿದೆ, ಹಳೆಯದಾದ ಗುರುತು’ ಎಂದು ಹೆಮ್ಮೆಪಡುವವರಿದ್ದಾರೆ. ನಮ್ಮೂರಲ್ಲಿ ಅದನ್ನು ಬೂಸ್ಟು ಎಂದೇ ತಿಳಿದು ಆ ಸಿಗಾರ್ ಬೇರೆ ಮಾಡುವುದು ಕ್ಷೇಮ.

ಬೂಸ್ಟಿಗಿಂತ ದೊಡ್ಡ ಶತ್ರು ತಂಬಾಕಿನ ಹುಳು. ಅಡುಗೆಮನೆಯ ಕೊತ್ತಂಬರಿ, ಒಣಮೆಣಸಿನಲ್ಲೂ ಸಂಸಾರ ಹೂಡುವ ಸಣ್ಣ ಕಂದು ಹುಳು ಅದೇ. ಮೊಟ್ಟೆ ಎಲೆಯೊಳಗೇ ಇದ್ದು ಬರಬಹುದು, ಸೆಕೆ ಸಿಕ್ಕರೆ ಒಡೆಯುತ್ತದೆ. ಸಿಗಾರ್‌ನಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡಾಗ ಕಾಲ ಮೀರಿರುತ್ತದೆ. ಹಾಗಾಗಿ ‘ಸಿಗಾರ್ ಫ್ರಿಜ್‌ನಲ್ಲಿಡಬೇಡಿ’ ಎನ್ನುವುದು ಅರ್ಧ ಸತ್ಯ. ಬಿಡಿಯಾಗಿ ಇಟ್ಟುಬಿಟ್ಟರೆ ಒಣಗುತ್ತದೆ, ಮೀನಿನ ವಾಸನೆಯೂ ಹಿಡಿಯುತ್ತದೆ. ನಾನು ಹೊಸದಾಗಿ ಬಂದದ್ದನ್ನು ಎರಡು ಜಿಪ್ ಕವರ್‌ಗಳಲ್ಲಿ ಗಾಳಿ ತೆಗೆದು ಮುಚ್ಚಿ, ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಹುಳು, ಮೊಟ್ಟೆ ಸಾಯಲೆಂದು ಒಂದು ವಾರ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಇಡುತ್ತೇನೆ. ಹೊರಗೆ ತರುವಾಗಲೂ ಮೊದಲು ಒಂದು ದಿನ ಫ್ರಿಜ್‌ನಲ್ಲಿಟ್ಟೇ ತರಬೇಕು. ಕೋಣೆಯ ಬಿಸಿಗೆ ಪೂರ್ತಿ ಹೊಂದಿಕೊಳ್ಳುವ ಮೊದಲು ಕವರ್ ಬಿಚ್ಚಿದರೆ ತಣ್ಣಗಿನ ಎಲೆಯ ಮೇಲೆ ನೀರು ಕೂತು ಹೊರಪದರ ಬಿರಿಯುತ್ತದೆ.