ಅಟ್ಟದಿಂದ ಶುರು ಮಾಡಿ ಅಮ್ಮನ ಮನೆ ಮಾರಿದ್ದು

ಮೈಸೂರಿನ ಕುವೆಂಪುನಗರದಲ್ಲಿ ಮೂವತ್ತು-ನಲವತ್ತರ ಸೈಟು. ಅಪ್ಪ 1987ರಲ್ಲಿ ಕಟ್ಟಿಸಿದ ಮನೆ. ಅಪ್ಪ ಹೋದಮೇಲೆ ಅಮ್ಮ ನನ್ನ ಜೊತೆ ಬೆಂಗಳೂರಿಗೆ ಬರಲು ಒಪ್ಪಿದರು. ಮನೆ ಮಾರುವುದು ಅಂತ ತೀರ್ಮಾನವಾಯಿತು.

ಮೊದಲು ನೋಡಲು ಬಂದ ದಂಪತಿ ಹತ್ತು ನಿಮಿಷವೂ ನಿಲ್ಲಲಿಲ್ಲ. "ರೂಮು ತುಂಬಾ ಚಿಕ್ಕದು" ಅಂದರು. ರೂಮು ಚಿಕ್ಕದಲ್ಲ. ಅದರಲ್ಲಿ ಎರಡು ಬೀರು, ಒಂದು ದಿವಾನ, ಹೊಲಿಗೆ ಮಿಷನ್ನು, ಟ್ರಂಕುಗಳು ತುಂಬಿದ್ದವು. ಮೂರು ವಾರ ರಜೆ ಹಾಕಿ ಬಂದು ಕೂತೆ.

ಎಲ್ಲರೂ ನಡುಮನೆಯಿಂದ ಶುರು ಮಾಡುತ್ತಾರೆ. ನಾನು ಅಟ್ಟ ಹತ್ತಿದೆ. ಅಲ್ಲಿರುವುದನ್ನು ಯಾರೂ ವರ್ಷಗಟ್ಟಲೆ ನೋಡಿರುವುದಿಲ್ಲ, ಹಾಗಾಗಿ ಅಳುವೂ ಇಲ್ಲ, ಜಗಳವೂ ಇಲ್ಲ. ಸುಟ್ಟ ಮಿಕ್ಸಿ, ಟಿವಿ ಆಂಟೆನಾ, ಥರ್ಮಾಕೋಲ್ ಸಮೇತ ಟಿವಿಯ ಡಬ್ಬ, ಸೀಳಿದ ಬಕೆಟ್ಟುಗಳು. ಗುಜರಿಯವರು ಒಂದೇ ಬೆಳಗ್ಗೆ ಎಲ್ಲ ತೂಗಿ ಒಯ್ದರು. ಅಟ್ಟ ಖಾಲಿಯಾದಮೇಲೆ ಅಮ್ಮನಿಗೇ ಉತ್ಸಾಹ ಬಂತು.

ಕಾಗದದ ವಿಷಯದಲ್ಲಿ ಮಾತ್ರ ಆತುರ ಬೇಡವೇ ಬೇಡ. ಹಳೆ 'ಸುಧಾ', 'ತರಂಗ'ಗಳ ಕಟ್ಟುಗಳನ್ನು ತಕ್ಕಡಿಗೆ ಹಾಕುವುದರಲ್ಲಿದ್ದೆ. ಒಂದು ಕಟ್ಟಿನ ದಾರ ಕಿತ್ತು ಪುಸ್ತಕಗಳು ಚೆಲ್ಲಿದವು. ನಡುವೆ ಒಂದು ಕಂದು ಲಕೋಟೆ. ಒಳಗೆ ಕಂದಾಯದ ರಸೀದಿಗಳು, ಜೊತೆಗೆ ಮನೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಟ್ಟ ಪತ್ರ. ನನ್ನ ಕೈ ನಡುಗಿತು. ಕೊಳ್ಳುವವರ ವಕೀಲರು ಮುಂದೆ ಕೇಳಿದ್ದು ಅದೇ ಪತ್ರವನ್ನು. ಆಮೇಲೆ ಎರಡು ದಿನ ಪ್ರತಿಯೊಂದು ಕಟ್ಟನ್ನೂ ಬಿಚ್ಚಿ, ಕೊಡವಿ ನೋಡಿದೆ. ನಿವೇಶನದ ಹಕ್ಕುಪತ್ರ ಟ್ರಂಕಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಮಡಿಕೆಯಲ್ಲಿತ್ತು. ಮೈಸೂರಿನಲ್ಲಿ ಆಗ ಸೈಟು ಹಂಚುತ್ತಿದ್ದ ಸಿಐಟಿಬಿ ಕೊಟ್ಟದ್ದು, ಅದು ಮುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಆಗಿದ್ದು 1988ರಲ್ಲಿ ತಾನೆ. ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಈಗ ಇ-ಖಾತಾ, ಅಂದರೆ ಆಸ್ತಿಯ ಡಿಜಿಟಲ್ ಖಾತೆ, ಇಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ, ಆದ್ದರಿಂದ ಅದಕ್ಕೆ ಓಡಾಡುವ ಕೆಲಸವನ್ನು ಮನೆ ಶುಚಿ ಮಾಡುವಾಗಲೇ ತಮ್ಮನಿಗೆ ಒಪ್ಪಿಸಿದೆ.

ನಿಜವಾಗಿ ಕಷ್ಟವಾದದ್ದು ಪಾತ್ರೆಗಳು. ಅಡುಗೆಮನೆ ಅಟ್ಟದಿಂದ ಇಳಿಸಿ ನಡುಮನೆಯಲ್ಲಿ ಹರವಿದಾಗ ಕಾಲಿಡಲು ಜಾಗವಿರಲಿಲ್ಲ. ತಾಮ್ರದ ಹಂಡೆ, ಹಿತ್ತಾಳೆ ಕೊಳಗ, ಸ್ಟೀಲಿನ ಡಬ್ಬಗಳು, ಲೆಕ್ಕವಿಲ್ಲದಷ್ಟು ಲೋಟ. "ನಮ್ಮಿಬ್ಬರಿಗೆ ಇಷ್ಟೆಲ್ಲ ಬೇಕಾ ಅಮ್ಮ?" ಅಂದೆ. ಅಮ್ಮ ಉತ್ತರ ಕೊಡಲಿಲ್ಲ. ಒಂದು ತಪ್ಪಲೆ ಎತ್ತಿ, ಕಿಟಕಿ ಬೆಳಕಿಗೆ ಓರೆ ಮಾಡಿ ಹಿಡಿದು ಅಂಚನ್ನು ಬೆರಳಲ್ಲಿ ಸವರಿದರು. ಚುಕ್ಕೆ ಚುಕ್ಕೆಯಾಗಿ ಕೊರೆಸಿದ ಅಕ್ಷರ, ಅರ್ಧ ಸವೆದಿದೆ. ಸೋದರಮಾವನ ಹೆಸರು, ತಮ್ಮನ ಮುಂಜಿ, ತಾರೀಕು. ಇನ್ನೊಂದರ ಮೇಲೆ ಗೃಹಪ್ರವೇಶದ್ದು. ಒಂದೊಂದನ್ನೂ ಓದುತ್ತಾ ಓದುತ್ತಾ ಅಮ್ಮ ಎಲ್ಲರ ಕಥೆ ಹೇಳಿದರು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಸಂಜೆಯಾಯಿತು.

ಆಗ ನನಗೆ ಹೊಳೆಯಿತು. ಅಮ್ಮನಿಗೆ ಪಾತ್ರೆ ಬಿಡುವುದು ಸಂಕಟವಲ್ಲ, ತೂಕಕ್ಕೆ ಹಾಕುವುದು ಸಂಕಟ. "ಯಾವುದು ಯಾರಿಗೆ ಅಂತ ನೀನೇ ಹೇಳು" ಅಂದೆ. ಮರುದಿನ ಬೆಳಗ್ಗೆ ಕಾಫಿ ಆಗುವ ಹೊತ್ತಿಗೆ ಅರ್ಧಕ್ಕರ್ಧ ಹಂಚಿಕೆ ಮುಗಿದಿತ್ತು! ಕೊಳಗ ಪಕ್ಕದ ಬೀದಿಯ ರಾಮಮಂದಿರಕ್ಕೆ, ಪ್ರಸಾದ ಮಾಡಲು. ಮುಂಜಿಯ ತಪ್ಪಲೆ ತಮ್ಮನಿಗೆ. ಸ್ಟೀಲಿನದು ಮನೆಕೆಲಸದವರ ಮಗಳಿಗೆ, ಅವಳ ಮದುವೆ ಹತ್ತಿರವಿತ್ತು. ದಸರಾ ಗೊಂಬೆಗಳು ಎದುರುಮನೆಗೆ, ಅವರು ಪ್ರತಿ ವರ್ಷ ಕೂರಿಸುತ್ತಾರೆ. ಪಟ್ಟದ ಗೊಂಬೆಗಳನ್ನು ಮಾತ್ರ ಅಮ್ಮ ಹಳೆ ಪಂಚೆಯಲ್ಲಿ ಸುತ್ತಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಬಟ್ಟೆ, ಅವಧಿ ಮುಗಿದ ಮಾತ್ರೆಗಳು, ಡಬ್ಬಿಗಳು ಎರಡೇ ದಿನದ ಕೆಲಸ.

ದೊಡ್ಡ ಬೀರು ಸರಿಸಿದ ದಿನ ಎರಡು ಸಂಗತಿ ಕಂಡವು. ಅದರಡಿಯ ರೆಡ್ ಆಕ್ಸೈಡ್ ನೆಲ ಇನ್ನೂ ಕನ್ನಡಿ ಹಾಗಿತ್ತು. ಹಿಂದಿನ ಗೋಡೆ ಮಾತ್ರ ಮೊಣಕಾಲೆತ್ತರಕ್ಕೆ ಒದ್ದೆ. ಆಚೆ ಬಚ್ಚಲು, ಪೈಪು ಸೋರುತ್ತಿತ್ತು. ಬಣ್ಣ ಬಳಿದು ಮುಚ್ಚಿ ಅಂತ ಸಲಹೆ ಕೊಟ್ಟವರಿದ್ದರು. ನನಗೆ ಮನಸ್ಸು ಬರಲಿಲ್ಲ. ಇನ್ನೊಬ್ಬರು ಬದುಕುವ ಮನೆ ಅಲ್ವಾ? ಪೈಪು ಬದಲಿಸಿ, ಗಾರೆ ಕೆತ್ತಿಸಿ ಒಣಗಲು ಬಿಟ್ಟು, ಆಮೇಲೆ ಬಣ್ಣ ಹೊಡೆಸಿದೆ. ಬಂದವರಿಗೆಲ್ಲ ಆ ಜಾಗ ತೋರಿಸಿಯೇ ಹೇಳಿದೆ. ಉಳಿದ ನೆಲಕ್ಕೆ ಬಟ್ಟೆಯಲ್ಲಿ ತೆಳ್ಳಗೆ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿದೆವು. ಬೆಳಗಿನ ಬಿಸಿಲು ಬಿದ್ದಾಗ ಮನೆಗೇ ಬೇರೆ ಕಳೆ ಬಂತು.

ಕೊನೆಗೆ ಕೊಂಡವರು ಅತ್ತೆ-ಸೊಸೆ ಸಮೇತ ಬಂದರು. ಒಂದು ಗಂಟೆ ಇದ್ದರು. ಸೊಸೆ ಹಿತ್ತಲಿಗೆ ಹೋಗಿ, ನಮಗೆ ಎತ್ತಲಾಗದೆ ಬಿಟ್ಟಿದ್ದ ಒರಳುಕಲ್ಲಿನ ಮುಂದೆ ನಿಂತು, "ಇದನ್ನ ತಗೊಂಡು ಹೋಗ್ತೀರಾ ಆಂಟಿ?" ಅಂತ ಕೇಳಿದಳು.

"ಇಟ್ಕೋಮ್ಮ, ಅದು ಈ ಮನೇದೇ" ಅಂದರು ಅಮ್ಮ.